ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಲೇಜಿನ ಹಾಡಿನ ವಿಡಿಯೊ

ಪ್ರಾಜೆಕ್ಟಿಗಾಗಿ ಹಾಡಿನ ವಿಡಿಯೊ ಮಾಡಹೊರಟ ವಿದ್ಯಾರ್ಥಿಗಳ ಪತ್ರಗಳೇ ಈ ಸಲ ಹೆಚ್ಚು ಬಂದಿವೆ. ಅವುಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ನಾವು ಐದು ಜನ ಸೇರಿ ಶಿಶುನಾಳ ಷರೀಫರ ತತ್ವಪದವೊಂದಕ್ಕೆ ವಿಡಿಯೊ ಮಾಡುತ್ತಿದ್ದೇವೆ. ನೆಟ್‌ನಿಂದ ಚಿತ್ರಗಳನ್ನು ಇಳಿಸಿ ಕೊಲಾಜ್ ಮಾಡಿ ಕೊಟ್ಟರೆ ಸರ್ ಒಪ್ಪುತ್ತಿಲ್ಲ, ‘ಸಂಶೋಧನೆ ಎಲ್ಲಿ?’ ಎನ್ನುತ್ತಾರೆ. ಫೈಲಿನಲ್ಲಿ ಏನಿರಬೇಕು?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ

ನಿಮ್ಮ ಸರ್ ಹೇಳುವುದು ಸರಿ. ಕೊಲಾಜ್ ಕೊನೆಗೆ ಬರಬೇಕು, ಮೊದಲು ಬರಬೇಕಾದದ್ದು ಪದ. ತತ್ವಪದಗಳಿಗೆ ಪಾಠಾಂತರ ಜಾಸ್ತಿ. ಅಚ್ಚಾದ ಸಂಕಲನದಲ್ಲಿರುವ ಸಾಲು ಭಜನೆಯವರ ಬಾಯಲ್ಲಿ ಬೇರೆಯಾಗಿರುತ್ತದೆ. ನೀವು ಹಾಡಿಸುವ ಪಾಠ ಯಾವುದು, ಅದನ್ನೇ ಏಕೆ ಆರಿಸಿದಿರಿ ಎಂಬುದು ಒಂದು ಪುಟ. ಶಿಶುನಾಳ ನಿಮಗೆ ದೂರವಲ್ಲ, ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಅಲ್ಲಿ ಪದ ಹಾಡುವವರನ್ನು ಕೂರಿಸಿಕೊಂಡು ಸಾಲುಸಾಲಿಗೂ ಅರ್ಥ ಕೇಳಿ ಬರೆದುಕೊಳ್ಳಿ. ಪದದ ‘ಮನೆ’ ದೇಹವಾಗಿರಬಹುದು. ಅದು ತಿಳಿಯದೆ ಹೆಂಚಿನ ಮನೆ ಹುಡುಕಿಕೊಂಡು ಊರೂರು ಅಲೆಯುವ ತಂಡಗಳೇ ಹೆಚ್ಚು.

ಆಮೇಲೆ ಇದೇ ಬಗೆಯ ಮೂರು ವಿಡಿಯೊ ಆರಿಸಿ, ಧ್ವನಿ ಮುಚ್ಚಿ ನೋಡಿ. ಪ್ರತಿ ಕಟ್ (ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ) ಬಿದ್ದ ಸೆಕೆಂಡು ಬರೆಯಿರಿ. ಒಟ್ಟು ಅವಧಿಯನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಶಾಟಿನ ಸರಾಸರಿ ಉದ್ದ ಸಿಗುತ್ತದೆ. ಪಕ್ಕದ ಕಾಲಂನಲ್ಲಿ ಮಾತಿಗೂ ಚಿತ್ರಕ್ಕೂ ಇರುವ ಸಂಬಂಧ ಗುರುತಿಸಿ: ಹೇಳಿದ್ದನ್ನೇ ತೋರಿಸಿದೆಯೆ, ಹೇಳದ್ದನ್ನು ಸೇರಿಸಿದೆಯೆ, ಬೇಕೆಂದೇ ಬೇರೆ ದಾರಿ ಹಿಡಿದಿದೆಯೆ? ನಿಮ್ಮ ವಿಡಿಯೊ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಈ ಪಟ್ಟಿ ನೋಡಿ ನಿರ್ಧರಿಸಬೇಕು. ಹತ್ತು ಜನರಿಗೆ ಇವನ್ನು ತೋರಿಸುವಾಗ ‘ಇಷ್ಟವಾಯಿತಾ?’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಎಷ್ಟನೇ ನಿಮಿಷಕ್ಕೆ ಮೊಬೈಲ್ ಕಡೆ ಕೈ ಹೋಯಿತು ಎಂಬುದನ್ನು ನೀವೇ ನೋಡಿ ಬರೆದುಕೊಳ್ಳಿ.

ಹೆಸರಾಂತ ಭಾವಗೀತೆಯ ಕರೋಕೆ ಟ್ರ್ಯಾಕ್ ಯೂಟ್ಯೂಬಿನಲ್ಲೇ ಸಿಗುತ್ತದೆ. ಗೆಳತಿ ಹಾಡುತ್ತಾಳೆ. ಅನುಮತಿ ಬೇಕೆ?
– ಬಿ.ಎ. ವಿದ್ಯಾರ್ಥಿ, ಮೈಸೂರು

ಬೇಕು. ಒಂದು ಹಾಡಿನಲ್ಲಿ ಮೂರು ಹಕ್ಕುಗಳಿರುತ್ತವೆ: ಸಾಹಿತ್ಯದ್ದು, ರಾಗ ಸಂಯೋಜನೆಯದ್ದು, ಧ್ವನಿಮುದ್ರಣದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ, ಸಂಗೀತದ ಹಕ್ಕು ಕರ್ತೃವಿನ ಜೀವಿತಕಾಲದ ನಂತರ 60 ವರ್ಷ ಇರುತ್ತದೆ. ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದಿಂದ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ಇದೆ. ಷರೀಫರದು 1889, ಪದ ಮುಕ್ತ. ಆದರೆ ಅದೇ ಪದಕ್ಕೆ ನಮ್ಮ ಕಾಲದವರು ಕೂಡಿಸಿದ ರಾಗ ಮುಕ್ತವಲ್ಲ. ಬಹಳ ಜನ ಎಡವುವುದು ಇಲ್ಲೇ. ಕರೋಕೆ ಟ್ರ್ಯಾಕೂ ಯಾರೋ ಮಾಡಿದ ಧ್ವನಿಮುದ್ರಣವೇ.

ಕವರ್ ಹಾಡಿಗೆ (ಇರುವ ಹಾಡನ್ನೇ ಬೇರೆಯವರು ಮತ್ತೆ ಹಾಡುವುದಕ್ಕೆ) ಕಾಯ್ದೆಯಲ್ಲಿರುವ ಅವಕಾಶ ಧ್ವನಿಮುದ್ರಣಕ್ಕೆ ಮಾತ್ರ, ವಿಡಿಯೊಗೆ ಅಲ್ಲ. ಸಂಸ್ಥೆಯೊಳಗೆ ಶಿಕ್ಷಕರು, ವಿದ್ಯಾರ್ಥಿಗಳು, ಪೋಷಕರ ಎದುರು ಪ್ರದರ್ಶಿಸಲು ಕಾಯ್ದೆ ವಿನಾಯಿತಿ ಕೊಡುತ್ತದೆ, ಅಪ್‌ಲೋಡ್ ಮಾಡಿದ ಕ್ಷಣ ಆ ರಕ್ಷಣೆ ಮುಗಿಯಿತು. ನಮ್ಮನ್ನು ಕೇಳಿದರೆ, ಹಳೆಯ ವಚನವನ್ನೋ ಜನಪದ ಸಾಹಿತ್ಯವನ್ನೋ ತೆಗೆದುಕೊಂಡು ಕಾಲೇಜಿನಲ್ಲೇ ಹಾರ್ಮೋನಿಯಂ ನುಡಿಸುವವರಿಂದ ಹೊಸ ರಾಗ ಹಾಕಿಸಿ. ಸಂಯೋಜಿಸಿದವರು, ಹಾಡಿದವರು, ನುಡಿಸಿದವರು ಎಲ್ಲರಿಂದಲೂ ‘ಅಪ್‌ಲೋಡ್ ಸೇರಿದಂತೆ ಬಳಸಲು ಒಪ್ಪಿಗೆ’ ಎಂದು ಬರೆಸಿ ಸಹಿ ಪಡೆಯಿರಿ.

ನಾಲ್ಕು ನಿಮಿಷದ ಹಾಡು, ಎರಡು ದಿನದ ಶೂಟಿಂಗ್. ಎಷ್ಟು ಶಾಟ್ ಬೇಕು?
– ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು

ಮೊದಲು ಹಾಡನ್ನು ತಾಳದಲ್ಲಿ ಅಳೆಯಿರಿ. ನಿಮಿಷಕ್ಕೆ 90 ಬೀಟ್ ಇದ್ದರೆ ಎಂಟು ಎಣಿಕೆಯ ಒಂದು ಆವರ್ತ 5.3 ಸೆಕೆಂಡು, ಇಡೀ ಹಾಡಿಗೆ 45 ಆವರ್ತ. ಹಾಳೆಯಲ್ಲಿ ಆವರ್ತಕ್ಕೊಂದು ಸಾಲು ಹಾಕಿ, ಸಮಯ, ಸಾಹಿತ್ಯ, ಚಿತ್ರ, ಜಾಗ, ಉಡುಪು ತುಂಬಿ. ಪಲ್ಲವಿ ಮೂರು ಸಲ ಬಂದರೆ ಮೂರು ಸಲವೂ ಅದೇ ಚಿತ್ರ ಬರಬಾರದು. ಮಧ್ಯದ ವಾದ್ಯಸಂಗೀತದ ಭಾಗ ಖಾಲಿ ಉಳಿದಿದೆಯೇ ಎಂದು ನೋಡಿ, ಸಾಮಾನ್ಯವಾಗಿ ಉಳಿದಿರುತ್ತದೆ. ಸರಾಸರಿ 4 ಸೆಕೆಂಡಿನಂತೆ 60 ಶಾಟ್ ಆಗುತ್ತವೆ. ಆದರೆ ಕ್ಯಾಮೆರಾ, ಲೈಟು ಸ್ಥಳಾಂತರಿಸುವ ಸೆಟಪ್ಪುಗಳು ದಿನಕ್ಕೆ 12–15 ದಾಟುವುದು ಕಷ್ಟ. ಒಂದೇ ಸೆಟಪ್ಪಿನಲ್ಲಿ ಹಲವು ಶಾಟ್ ತೆಗೆಯಿರಿ, ಅದಕ್ಕಿಂತ ಹೆಚ್ಚು ಸೆಟಪ್ಪು ಬರೆದಿದ್ದರೆ ಈಗಲೇ ಹೊಡೆದುಹಾಕಿ.

ಮೊದಲ ದಿನ ಬೆಳಿಗ್ಗೆಯೇ ಇಡೀ ಹಾಡನ್ನು ದೂರ, ಮಧ್ಯಮ, ಹತ್ತಿರ ಎಂದು ಮೂರು ಸಲ ಪೂರ್ತಿ ಹಾಡಿಸಿ ತೆಗೆದುಬಿಡಿ. ಮಧ್ಯಾಹ್ನ ಮಳೆ ಬಂದರೂ ಕೈಯಲ್ಲಿ ಒಂದು ವಿಡಿಯೊ ಇರುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊ ಗಂಟೆಗೆ 45 ಜಿಬಿ ತಿನ್ನುತ್ತದೆ. ಎರಡು ಹಾರ್ಡ್‌ಡಿಸ್ಕಿಗೆ ಕಾಪಿಯಾಗಿ, ತೆರೆದು ನೋಡುವ ತನಕ ಕಾರ್ಡ್ ಅಳಿಸಬೇಡಿ.

ಮೊಬೈಲಿನಲ್ಲಿ ತೆಗೆದೆವು. ಹಾಡಿನ ಶುರುವಿನಲ್ಲಿ ತುಟಿ ಕೂಡುತ್ತದೆ, ಕೊನೆಗೆ ಬರುವಷ್ಟರಲ್ಲಿ ಜಾರಿರುತ್ತದೆ. ಒಳಾಂಗಣದ ಶಾಟುಗಳಲ್ಲಿ ಪಟ್ಟೆ ಪಟ್ಟೆ ಓಡುತ್ತವೆ.
– ವಿಷುಯಲ್ ಕಮ್ಯುನಿಕೇಶನ್ ತಂಡ, ಶಿವಮೊಗ್ಗ

ಎರಡಕ್ಕೂ ಮೂಲ ಮೊಬೈಲಿನ ಫ್ರೇಮ್, ಶಟರ್ ಸೆಟ್ಟಿಂಗ್. ಫೋನು ಬೆಳಕು, ಬಿಸಿ ನೋಡಿಕೊಂಡು ಫ್ರೇಮುಗಳ ವೇಗವನ್ನು (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದನ್ನು) ತಾನೇ ಏರಿಳಿಸುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಸ್ಥಿರ ವೇಗವೆಂದೇ ಲೆಕ್ಕ ಹಾಕುವುದುಂಟು, ಆಗ ಜಾರುತ್ತದೆ. ತೆಗೆದಾಗಿರುವುದನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್‌ರೇಟಿಗೆ ಬದಲಿಸಿ ಎಡಿಟಿಗೆ ತನ್ನಿ. ಇನ್ನು ಮುಂದೆ ವೇಗ, ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಅವಧಿ) ಎರಡನ್ನೂ ಲಾಕ್ ಮಾಡಲು ಬಿಡುವ ಕ್ಯಾಮೆರಾ ಆ್ಯಪ್‌ನಲ್ಲೇ ತೆಗೆಯಿರಿ. ಪಟ್ಟೆಗಳ ವಿಷಯ: ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನು 30 ಫ್ರೇಮಿನಲ್ಲಿ 1/60 ಶಟರ್ ಹಿಡಿದರೆ ಪಟ್ಟೆ ಬರುತ್ತವೆ. 25 ಫ್ರೇಮ್, 1/50 ಇಡಿ.

ಶೂಟಿಂಗ್ ಸ್ಥಳದಲ್ಲಿ ಪ್ಲೇಬ್ಯಾಕ್ (ಮೊದಲೇ ಮುದ್ರಿಸಿದ ಹಾಡನ್ನು ಸ್ಪೀಕರಿನಲ್ಲಿ ನುಡಿಸುವುದು) ಹೀಗಿರಲಿ: ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪಲ್ಲವಿ, ಚರಣಗಳನ್ನು ಬೇರೆ ಬೇರೆ ಫೈಲ್ ಮಾಡಿ, ಪ್ರತಿಯೊಂದರ ಮುಂದೆ ‘ಚರಣ ಎರಡು’ ಎಂಬ ಘೋಷಣೆ, ಅದೇ ಲಯದಲ್ಲಿ ನಾಲ್ಕು ಬೀಪ್. ಕ್ಯಾಮೆರಾದ ಮೈಕ್ ಆನ್ ಇರಲಿ, ಹೊಂದಿಸಲು ಆ ಧ್ವನಿ ಬೇಕು. ಅಂತಿಮ ಹಾಡು ಬೇರೆಯೇ ಇರುವುದರಿಂದ ಬಸ್ಸಿನ ಹಾರ್ನ್, ದೇವಸ್ಥಾನದ ಮೈಕು ತೊಂದರೆ ಮಾಡವು, ಅವು ಸ್ಪೀಕರನ್ನೇ ನುಂಗಿದರೆ ಮಾತ್ರ ಕಷ್ಟ. ಗಾಯಕಿ ನಿಜವಾಗಿಯೂ ಗಂಟಲೆತ್ತಿ ಹಾಡಬೇಕು. ಬರೀ ತುಟಿ ಅಲ್ಲಾಡಿಸಿದರೆ ಕುತ್ತಿಗೆಯ ನರ ಅಲುಗದೆ ಸುಳ್ಳು ಎದ್ದು ಕಾಣುತ್ತದೆ.

ದೂರದ ಶಾಟಿಗೆ ಇನ್ನೊಂದು ತೊಡಕಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, 25 ಫ್ರೇಮಿನಲ್ಲಿ ಒಂದು ಫ್ರೇಮಿಗೆ ಹದಿಮೂರೂವರೆ ಮೀಟರ್. ಗಾಯಕಿ 30 ಮೀಟರ್ ಆಚೆ ಇದ್ದರೆ, ಸ್ಪೀಕರ್ ಯಾರ ಪಕ್ಕದಲ್ಲಿದ್ದರೂ ಎರಡು ಫ್ರೇಮ್ ವ್ಯತ್ಯಾಸ ಬಂದೇ ಬರುತ್ತದೆ. ತನ್ನಷ್ಟಕ್ಕೆ ಹೊಂದಿಸುವ ಬಟನ್ ಇದನ್ನು ಹಿಡಿಯದು. ಪ, ಬ, ಮ ಬರುವ ಅಕ್ಷರ ಹುಡುಕಿ, ತುಟಿ ಮುಚ್ಚುವ ಫ್ರೇಮನ್ನು ಅದರೊಂದಿಗೆ ಕೈಯಿಂದಲೇ ಕೂಡಿಸಿ.

ತುಟಿ ಕೂಡುವ ಸ್ಲೋಮೋಷನ್ ಬೇಕಿದ್ದರೆ 50 ಫ್ರೇಮಿನಲ್ಲಿ, 1/100 ಶಟರಿನಲ್ಲಿ ತೆಗೆಯಿರಿ. ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸಿ, ಎಡಿಟಿನಲ್ಲಿ ಅರ್ಧ ವೇಗಕ್ಕೆ ಇಳಿಸಿ. ಉದ್ದ ಆಲಾಪದ ಸಾಲಿಗೆ ಇದು ಚೆನ್ನ. ಅಕ್ಷರ ಕಿಕ್ಕಿರಿದ ಸಾಲನ್ನು ಇಮ್ಮಡಿ ವೇಗದಲ್ಲಿ ಹಾಡುವುದು ಯಾರಿಗೂ ಆಗದ ಕೆಲಸ.

ಹಂಪಿಯಲ್ಲಿ ಬೆಳಿಗ್ಗೆ ಬೇಗ ಹೋಗಿ ಟ್ರೈಪಾಡ್ ಇಟ್ಟು ತೆಗೆದುಬಿಡಬಹುದೆ?
– ವಿದ್ಯಾರ್ಥಿನಿ, ಹೊಸಪೇಟೆ

ಬೇಡ. ಸಂರಕ್ಷಿತ ಸ್ಮಾರಕದಲ್ಲಿ ಚಿತ್ರೀಕರಣಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು, ವಿದ್ಯಾರ್ಥಿಗಳಾದರೂ ಕಾಲೇಜಿನ ಪತ್ರದೊಂದಿಗೆ ಮೊದಲೇ ಅರ್ಜಿ ಹಾಕಬೇಕು. ಡ್ರೋನ್ ಯೋಚನೆಯಿದ್ದರೆ ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂದು ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗದ ಬಣ್ಣ ನೋಡಿ. ಎಲ್ಲಿ ತೆಗೆದರೂ ಜಾಗ ನೋಡಲು ಶೂಟಿಂಗ್ ಹೊತ್ತಿಗೇ ಹೋಗಿ. ಸಂಜೆ ನೋಡಿ ಮೆಚ್ಚಿದ ಬಂಡೆ ಬೆಳಿಗ್ಗೆ ಪೂರ್ತಿ ನೆರಳಿನಲ್ಲಿರಬಹುದು.

ಪ್ರೀಮಿಯರ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹಾಡಿನ ಸಾಲು ಹಾಕಿದರೆ ಒತ್ತಕ್ಷರ ಒಡೆದು ಕಾಣುತ್ತದೆ.
– ವಿದ್ಯಾರ್ಥಿ, ಕಲಬುರಗಿ

ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್‌ಗೆ ಬದಲಿಸಿ, ಸಾಲನ್ನು ಹೊಸದಾಗಿ ಹಾಕಿ. ಅಕ್ಷರದ ಬದಲು ಇಂಗ್ಲಿಷ್ ಚಿಹ್ನೆಗಳೇ ಬರುತ್ತಿದ್ದರೆ ಸಾಹಿತ್ಯವನ್ನು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆಂದು ಅರ್ಥ. ಅದನ್ನು ಯೂನಿಕೋಡಿಗೆ ಪರಿವರ್ತಿಸಿ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಹಾಕಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಿ, ತಪ್ಪು ಉಳಿಯುವುದು ಹೆಚ್ಚಾಗಿ ಅಲ್ಲೇ.