ಟರ್ಮಿನಲ್‌ನಲ್ಲಿ ಸಾಲು ಸಾಲಾಗಿ ಬರುವ ಔಟ್‌ಪುಟ್ ಆ್ಯಪ್‌ನಲ್ಲಿ ಯಾಕೆ ಕೊನೆಗೆ ಒಟ್ಟಿಗೆ ಬೀಳುತ್ತದೆ?

ನೀವು ಕೇಳಿದ್ದು ಇಷ್ಟು ಅಲ್ವಾ: ಪೈಥಾನ್‌ನ ಟಿಕಿಂಟರ್ (ವಿಂಡೋ ಮಾಡುವ ಲೈಬ್ರರಿ) ಆ್ಯಪ್ ಇನ್ನೊಂದು ಸ್ಕ್ರಿಪ್ಟ್ ಓಡಿಸುತ್ತದೆ, ಅದರ ಔಟ್‌ಪುಟ್ ಎಲ್ಲ ಮುಗಿದ ಮೇಲೆ ಒಂದೇ ಸಲ ಬರುತ್ತದೆ, ಅಲ್ಲಿಯವರೆಗೂ ವಿಂಡೋ ಅಲ್ಲಾಡುವುದಿಲ್ಲ. ಈ ಗೋಳು ನನಗೂ ಗೊತ್ತು. ಕೋಲಾರದಲ್ಲಿ ಪರಿಚಯದವರ ಟೊಮೆಟೊ ಮಂಡಿಗೆ ಬಿಲ್ ಮಾಡುವ ಆ್ಯಪ್ ಬರೆದುಕೊಟ್ಟಿದ್ದೆ, ಹಳೇ ಕಂಪ್ಯೂಟರು, ಉಬುಂಟು. ಯಾವ ರೈತರದು 15 ಕೆಜಿ ಬಾಕ್ಸ್ ಎಷ್ಟು, ಹರಾಜಿನ ರೇಟು ಎಷ್ಟು ಅಂತ ಲೆಕ್ಕ ಹಾಕುವುದು ಬೇರೆ ಸ್ಕ್ರಿಪ್ಟ್. ರೈತರು ಕಾಯುತ್ತಿದ್ದಾರೆ, ಸ್ಕ್ರೀನ್ ಖಾಲಿ. "ನಿನ್ನ ಕಂಪ್ಯೂಟರಿಗಿಂತ ನನ್ನ ಕ್ಯಾಲ್ಕುಲೇಟರೇ ವಾಸಿ ಕಣಪ್ಪ" ಅಂದರು ಮಂಡಿಯವರು.

ಇಲ್ಲಿ ತಪ್ಪು ಎರಡು. ಒಂದೇ ಅಂದುಕೊಂಡು ನಾನು ಎರಡು ರಾತ್ರಿ ಹಾಳು ಮಾಡಿಕೊಂಡೆ.

ಮೊದಲನೆಯದು, ತಡ ಆಗುತ್ತಿರುವುದು ಓದುವ ಆ್ಯಪ್ ಕಡೆ ಅಲ್ಲ, ಬರೆಯುವ ಸ್ಕ್ರಿಪ್ಟ್ ಕಡೆ. ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ ಪೈಥಾನ್ ಸಾಲು ಮುಗಿದ ಕೂಡಲೇ ಕಳಿಸುತ್ತದೆ, ಪೈಪ್‌ಗೆ (ಒಂದು ಪ್ರೋಗ್ರಾಮಿನ ಔಟ್‌ಪುಟ್ ಇನ್ನೊಂದಕ್ಕೆ ತಲುಪಿಸುವ ದಾರಿ) ಹೋಗುತ್ತಿದ್ದರೆ ಮಾತ್ರ ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಗುಡ್ಡೆ ಹಾಕಿಕೊಂಡು, ತುಂಬುವವರೆಗೂ ಹೊರಡದ ಶೇರ್ ಆಟೋ ತರಹ ನಿಂತುಬಿಡುತ್ತದೆ. ಚೈಲ್ಡ್ ಸ್ಕ್ರಿಪ್ಟನ್ನು, ಅಂದರೆ ಆ್ಯಪ್ ಓಡಿಸುವ ಆ ಇನ್ನೊಂದು ಸ್ಕ್ರಿಪ್ಟನ್ನು, ಪೈಥಾನ್‌ಗೆ 'ಮೈನಸ್ ಯು' (-u) ಹಾಕಿ ಓಡಿಸಿ, ಇಲ್ಲವೇ ಅದರ ಪ್ರಿಂಟ್‌ನಲ್ಲಿ ಫ್ಲಶ್ ಟ್ರೂ (flush=True) ಕೊಡಿ. ಅಷ್ಟೇ.

ಎರಡನೆಯದು, ವಿಂಡೋ ಹ್ಯಾಂಗ್ ಆಗುವುದಕ್ಕೆ ಕಾರಣ ನೀವೇ, ವಿಂಡೋ ನಡೆಸುವ ಮೇನ್ ಥ್ರೆಡ್‌ನಲ್ಲೇ (ಥ್ರೆಡ್ ಅಂದರೆ ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಒಂದು ಕೆಲಸದ ಸರಣಿ) ಸಾಲಿಗಾಗಿ ಕಾಯುತ್ತಿದ್ದೀರಿ. ಓದುವ ಕೆಲಸ ಬೇರೆ ಥ್ರೆಡ್‌ಗೆ ಬಿಡಿ, ಅದು ಸಾಲುಗಳನ್ನು ಒಂದು ಕ್ಯೂಗೆ ಹಾಕಲಿ, ವಿಂಡೋ ಟಿಕಿಂಟರ್‌ನ 'ಆಫ್ಟರ್' (after) ಬಳಸಿ 100 ಮಿಲಿಸೆಕೆಂಡಿಗೊಮ್ಮೆ ಕ್ಯೂ ನೋಡಲಿ. ಆ ಥ್ರೆಡ್‌ನಿಂದ ನೇರವಾಗಿ ಟೆಕ್ಸ್ಟ್ ಬಾಕ್ಸ್ ಮುಟ್ಟಬೇಡಿ, ಒಂದು ದಿನ ಸುಮ್ನೆ ಕ್ರ್ಯಾಶ್ ಆಗುತ್ತದೆ, ಯಾಕೆ ಅಂತ ಹುಡುಕುವುದಕ್ಕೂ ಆಗಲ್ಲ.

ನಿಮ್ಮ ಕೋಡ್‌ನಲ್ಲಿ ಮೊದಲು ವೇಟ್ (ಸ್ಕ್ರಿಪ್ಟ್ ಮುಗಿಯುವವರೆಗೆ ಕಾಯುವುದು), ಆಮೇಲೆ ರೀಡ್ (ಔಟ್‌ಪುಟ್ ಓದುವುದು) ಇದ್ದರೆ ಈಗಲೇ ತೆಗೆಯಿರಿ. ಲಿನಕ್ಸ್‌ನಲ್ಲಿ ಪೈಪ್ ಸಾಮಾನ್ಯವಾಗಿ 64 ಕೆಬಿ ಹಿಡಿಯುತ್ತದೆ. ಅದು ತುಂಬಿದರೆ ಚೈಲ್ಡ್ ನಿಮಗೆ ಕಾಯುತ್ತದೆ, ನೀವು ಚೈಲ್ಡ್‌ಗೆ ಕಾಯುತ್ತೀರಿ. ನಾನು ಮನೆಯಲ್ಲಿ ಹತ್ತು ಲಾಟ್ ಹಾಕಿ ಟೆಸ್ಟ್ ಮಾಡಿದಾಗ ಚೆನ್ನಾಗಿಯೇ ಓಡಿತ್ತು, ಸೀಸನ್‌ನಲ್ಲಿ ಮಾಲು ಜಾಸ್ತಿ ಬಂದ ದಿನವೇ ನಿಂತುಹೋಯಿತು. ಎರರ್ ಔಟ್‌ಪುಟ್‌ಗೆ ಬೇರೆ ಪೈಪ್ ಕೊಟ್ಟು ಓದದೆ ಬಿಟ್ಟರೂ ಇದೇ ಕಥೆ, ಅದನ್ನೂ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೇ ಸೇರಿಸಿಬಿಡಿ.

ಕನ್ನಡದ ಹೆಸರುಗಳಿದ್ದರೆ ಇಷ್ಟಿಷ್ಟು ಬೈಟ್ ಅಂತ ಕತ್ತರಿಸಿ ಓದಬೇಡಿ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಮಧ್ಯೆ ತುಂಡಾದರೆ ಪೈಥಾನ್ ಎರರ್ ಕೊಡುತ್ತದೆ, ಇಲ್ಲವೇ 'ನಾರಾಯಣಪ್ಪ' ಹೋಗಿ ಪ್ರಶ್ನೆ ಗುರುತು ಬರುತ್ತದೆ. ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೊಟ್ಟು ಸಾಲು ಸಾಲಾಗಿ ಓದಿ.