1/4 + 1/5 ಲೆಕ್ಕ: ಗುಂಟೆಯಲ್ಲಿ ಹೇಳಿಕೊಡಿ

ನಮಸ್ಕಾರ ಮೇಡಂ. ಏಳನೇ ತರಗತಿಯ ನಿಮ್ಮ ಮಗ 1/4 ಮತ್ತು 1/5 ಕೂಡಿಸಿ 2/9 ಎಂದು ಬರೆಯುತ್ತಾನೆ, ಎಷ್ಟು ತಿದ್ದಿದರೂ ಅದೇ ತಪ್ಪು ಎಂದು ಕೇಳಿದ್ದೀರಿ. ದಯವಿಟ್ಟು ಬೈಯಬೇಡಿ. ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸುವುದು ಮಕ್ಕಳಿಗೆ ಸಹಜವಾಗಿ ತೋಚುವ ದಾರಿ.

ಮದ್ದೂರಿನ ಹತ್ತಿರ ಕಬ್ಬಿನ ಗದ್ದೆ ಇದೆ ಎಂದಿದ್ದೀರಲ್ಲ, ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಬದಿಗಿಟ್ಟು ಜಮೀನಿನ ಪಹಣಿಯನ್ನು ಅವನ ಕೈಗೆ ಕೊಡಿ. ಎಕರೆಗೆ 40 ಗುಂಟೆ. ಕಾಲು ಎಕರೆ 10 ಗುಂಟೆ, ಐದರಲ್ಲೊಂದು ಪಾಲು 8 ಗುಂಟೆ, ಸೇರಿ 18. ಅಂದರೆ 18/40, ಸಂಕ್ಷೇಪಿಸಿದರೆ 9/20. ಈಗ ಅವನ 2/9 ಎಷ್ಟು ಗುಂಟೆ ಎಂದು ಅವನಿಂದಲೇ ಲೆಕ್ಕ ಹಾಕಿಸಿ. 40ರ ಎರಡರಷ್ಟು, ಅಂದರೆ 80ನ್ನು 9ರಿಂದ ಭಾಗಿಸಿದರೆ 9 ಗುಂಟೆಯೂ ತುಂಬುವುದಿಲ್ಲ! 10 ಗುಂಟೆಗೆ ಮತ್ತಷ್ಟು ಸೇರಿಸಿದ ಮೇಲೆ ಜಮೀನು ಕಡಿಮೆಯಾಗುವುದು ಹೇಗೆ? ಈ ಪ್ರಶ್ನೆ ಅವನ ಬಾಯಿಂದಲೇ ಬರುವವರೆಗೆ ಕಾಯಿರಿ, ನೀವಾಗಿ ಹೇಳಿಬಿಡಬೇಡಿ.

ಛೇದ, ಅಂದರೆ ಕೆಳಗಿನ ಸಂಖ್ಯೆ, ತುಂಡಿನ ಗಾತ್ರವನ್ನು ಹೇಳುತ್ತದೆ; ಅಂಶ, ಅಂದರೆ ಮೇಲಿನದು, ಎಷ್ಟು ತುಂಡು ಎನ್ನುವುದನ್ನು. ಗಾತ್ರ ಒಂದೇ ಆದ ಮೇಲಷ್ಟೇ ಕೂಡಬಹುದು. ಇದು ಮನಸ್ಸಿಗೆ ಇಳಿದರೆ 5/20 + 4/20 ಎಂದು ಏಕೆ ಬರೆಯಬೇಕೆಂದು ತಾನೇ ಹೊಳೆಯುತ್ತದೆ.

ಭಾಗಾಕಾರಕ್ಕೂ ಅದೇ ಗದ್ದೆ ಸಾಕು. 3/4 ÷ 1/8 ಎಂದರೆ 30 ಗುಂಟೆಯಲ್ಲಿ 5 ಗುಂಟೆಯ ತಾಕುಗಳು ಎಷ್ಟು? ಆರು. 3/4 × 8 ಮಾಡಿದರೂ ಆರೇ.

1/3 ಬಂದಾಗ ಮಾತ್ರ ಗುಂಟೆ ಸಮನಾಗಿ ಒಡೆಯುವುದಿಲ್ಲ. ಆಗ ಗಡಿಯಾರ ಹಿಡಿಯಿರಿ: ಗಂಟೆಯ ಮೂರನೇ ಒಂದು ಭಾಗ 20 ನಿಮಿಷ.