ಬೇಡ ಎನ್ನುವ ಹಕ್ಕನ್ನು ಬಾಯಿಬಿಟ್ಟೇ ಹೇಳಬೇಕು

ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ಗೆ ಬಂದು ಮೂರು ತಿಂಗಳಾದ ನೀವು ನನಗೆ ಎರಡು ಪ್ರಶ್ನೆಗಳನ್ನು ಬರೆದಿದ್ದೀರಿ. ವೇಗದ ಮಿತಿ ಮೀರಿದ್ದಕ್ಕೆ ನಿಮ್ಮ ಕಾರನ್ನು ನಿಲ್ಲಿಸಿದ ಪೊಲೀಸ್ ಅಧಿಕಾರಿ, ದಂಡದ ಚೀಟಿ ಕೊಟ್ಟ ಮೇಲೆ, ಡಿಕ್ಕಿಯನ್ನು ನೋಡಬಹುದೇ ಎಂದು ಕೇಳಿದಾಗ ತೆರೆದು ತೋರಿಸಿದ್ದು ಸರಿಯೇ ಎಂಬುದು ಮೊದಲನೆಯದು. ವೀಸಾದ ಮೇಲೆ ಬಂದವರಿಗೆ ಇಲ್ಲಿನ ಸಂವಿಧಾನದ ಹಕ್ಕುಗಳು ಇವೆಯೇ ಎಂಬುದು ಎರಡನೆಯದು. ಎರಡನೆಯದಕ್ಕೇ ಮೊದಲು ಉತ್ತರಿಸುತ್ತೇನೆ.

ಇವೆ. ಐದನೆಯ ಮತ್ತು ಹದಿನಾಲ್ಕನೆಯ ತಿದ್ದುಪಡಿಗಳು ಕಾನೂನಿನ ರಕ್ಷಣೆಯನ್ನು ಕೊಡುವಾಗ ಬಳಸಿರುವುದು ‘ವ್ಯಕ್ತಿ’ ಎಂಬ ಪದವನ್ನು, ‘ಪ್ರಜೆ’ ಎಂಬುದನ್ನಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದ ಚೀನೀಯರಿಗೆ ನಗರಾಡಳಿತ ಪರವಾನಗಿ ನಿರಾಕರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1886ರಲ್ಲೇ ಇದನ್ನು ಸ್ಪಷ್ಟಪಡಿಸಿತು. ಆದರೆ ಇಂದಿನ ವಾತಾವರಣ ಅಷ್ಟು ನಿರಾಳವಾಗಿಲ್ಲ. ಲಾಸ್ ಏಂಜಲೀಸ್ ಪ್ರದೇಶದಲ್ಲಿ ವಲಸೆ ಅಧಿಕಾರಿಗಳು ಜನರನ್ನು ತಡೆದು ವಿಚಾರಿಸುವುದಕ್ಕೆ ಕೆಳಗಿನ ನ್ಯಾಯಾಲಯ ಹಾಕಿದ್ದ ಮಿತಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತಡೆಹಿಡಿದ ಮೇಲೆ, ಮೈಬಣ್ಣ ಮತ್ತು ಆಡುಭಾಷೆ ಅನುಮಾನಕ್ಕೆ ಆಧಾರವಾಗಬಹುದೇ ಎಂಬ ಚರ್ಚೆ ನಮ್ಮಂಥವರ ಮನೆಗಳಿಗೂ ಬಂದಿದೆ. ಹದಿನೆಂಟು ತುಂಬಿದ ವಿದೇಶೀಯರು ನೋಂದಣಿಯ ಪುರಾವೆಯನ್ನು ಸದಾ ಜೊತೆಗಿಟ್ಟುಕೊಂಡಿರಬೇಕೆಂಬ ಕಾನೂನು ಹಳೆಯದೇ ಆಗಿರುವುದರಿಂದ ನಿಮ್ಮ ಐ-94ರ, ಎಂದರೆ ದೇಶದೊಳಗೆ ಬಂದ ದಾಖಲೆಯ, ಪ್ರತಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ.

ಈಗ ನಿಮ್ಮ ಡಿಕ್ಕಿಯ ವಿಷಯ. ನೀವು ದಿನವೂ ಓಡಾಡುವ ಐ-70 ಹೆದ್ದಾರಿಯಲ್ಲೇ, ಡೇಟನ್ ನಗರದ ಬಳಿ, ಒಬ್ಬ ಚಾಲಕನಿಗೆ ಇದೇ ಅನುಭವವಾಗಿತ್ತು. ಅತಿ ವೇಗಕ್ಕೆ ತಡೆದ ಅಧಿಕಾರಿ ಎಚ್ಚರಿಕೆ ಹೇಳಿ, ಲೈಸನ್ಸ್ ಮರಳಿಸಿ, ಬಳಿಕ ಕಾರನ್ನು ಶೋಧಿಸಬಹುದೇ ಎಂದು ಕೇಳಿದ, ಚಾಲಕ ಒಪ್ಪಿದ, ಸ್ವಲ್ಪ ಗಾಂಜಾ ಮತ್ತು ಒಂದು ಮಾತ್ರೆ ಸಿಕ್ಕಿದವು. ‘ನೀವಿನ್ನು ಹೋಗಬಹುದು’ ಎಂದು ಮೊದಲು ಹೇಳಿ ಆಮೇಲೆ ಅನುಮತಿ ಕೇಳಬೇಕು ಎಂದು ಒಹಾಯೋ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸಂವಿಧಾನ ಹಾಗೆ ಹೇಳಿಸಿಕೊಳ್ಳುವ ಹಕ್ಕನ್ನು ಕೊಟ್ಟಿಲ್ಲ ಎಂದು ಅದನ್ನು ತಳ್ಳಿಹಾಕಿತು. ಎಂದರೆ, ಯಾವ ಅನುಮಾನವಿಲ್ಲದಿದ್ದರೂ ಅವರು ಕೇಳಬಹುದು; ನೀವು ಒಪ್ಪಿದರೆ ವಾರಂಟ್ ಬೇಕಿಲ್ಲ; ಒಪ್ಪದಿರಲೂ ಬಹುದು ಎಂದು ನಿಮಗೆ ತಿಳಿಸಬೇಕಾದ ಹೊಣೆ ಅವರದಲ್ಲ. ಈ ತೀರ್ಪನ್ನು ನಾನು ಒಪ್ಪಲಾರೆ. ಕತ್ತಲ ರಸ್ತೆಯಲ್ಲಿ ಹಿಂದಿನಿಂದ ಕೆಂಪು ನೀಲಿ ದೀಪ ಮಿನುಗುತ್ತಿರುವಾಗ ಕೊಟ್ಟ ಒಪ್ಪಿಗೆಯನ್ನು ಸ್ವಇಚ್ಛೆಯದೆಂದು ಕರೆಯುವುದು ನನಗೆ ಇಂದಿಗೂ ಕಷ್ಟ.

ನಾನೂ ಒಮ್ಮೆ, ದೀಪಾವಳಿಯ ಹಿಂದಿನ ದಿನ, ಸಣ್ಣ ಊರೊಂದರ ಅಂಚಿನಲ್ಲಿ ಹಾಗೆಯೇ ಒಪ್ಪಿಕೊಂಡೆ. ದೊಡ್ಡವರು ಕೇಳಿದಾಗ ಇಲ್ಲ ಎನ್ನಬಾರದೆಂದು ಕಲಿತು ಬೆಳೆದವನು ನಾನು. ಡಿಕ್ಕಿಯಲ್ಲಿ ಅಮ್ಮ ಕಳಿಸಿದ್ದ ರಂಗೋಲಿ ಪುಡಿಯ ಪೊಟ್ಟಣವಿತ್ತು. ಅಧಿಕಾರಿ ಅದನ್ನು ಟಾರ್ಚಿನ ಬೆಳಕಿಗೆ ಹಿಡಿದು, ಬೆರಳಿನಲ್ಲಿ ತಿಕ್ಕಿ ನೋಡಿ, ಇನ್ನೊಬ್ಬರನ್ನು ಕರೆಸಿದರು. ಮುಕ್ಕಾಲು ಗಂಟೆ ಚಳಿಯಲ್ಲಿ ರಸ್ತೆಯ ಬದಿಗೆ ನಿಂತೆವು, ನಾನು ಮತ್ತು ನನ್ನ ಆರು ವರ್ಷದ ಮಗಳು. ಕೊನೆಗೆ ಏನೂ ಆಗಲಿಲ್ಲ. ಆದರೆ ಆ ಪುಡಿಯಿಂದ ಮರುದಿನ ರಂಗೋಲಿ ಹಾಕಲು ಮಗಳು ಒಪ್ಪಲಿಲ್ಲ.

ನಿಮ್ಮನ್ನು ಮತ್ತೆ ತಡೆದರೆ, ಊರಿನಲ್ಲಿ ಮಾಡುವಂತೆ ಕೆಳಗಿಳಿದು ಮಾತಾಡಲು ಹೋಗಬೇಡಿ. ಕೈಗಳನ್ನು ಸ್ಟೀರಿಂಗ್ ಮೇಲಿಟ್ಟು ಒಳಗೇ ಕುಳಿತಿರಿ. ಇಳಿಯಿರಿ ಎಂದರೆ ಮಾತ್ರ ಇಳಿಯಿರಿ. ಲೈಸನ್ಸ್, ನೋಂದಣಿ, ವಿಮೆಯ ಕಾಗದಗಳನ್ನು ಕೊಡಿ. ಶೋಧಕ್ಕೆ ನನ್ನ ಒಪ್ಪಿಗೆ ಇಲ್ಲ ಎಂದು ವಿನಯದಿಂದ ಹೇಳಿ. ಆಮೇಲೂ ಶೋಧಿಸಿದರೆ ಅಡ್ಡ ನಿಲ್ಲಬೇಡಿ, ಆ ವಾದ ನ್ಯಾಯಾಲಯದ್ದು. ಚೀಟಿಯ ಕೆಲಸ ಮುಗಿದ ಮೇಲೆ, ತಕ್ಕ ಅನುಮಾನವಿಲ್ಲದೆ, ಮಾದಕ ವಸ್ತು ಮೂಸುವ ಪೊಲೀಸ್ ಶ್ವಾನ ಬರಲೆಂದು ನಿಮ್ಮನ್ನು ಕಾಯಿಸುವಂತಿಲ್ಲ ಎಂದು 2015ರಲ್ಲಿ ತೀರ್ಪಾಗಿದೆ. ಬಂಧಿಸಿದವರ ಮೊಬೈಲ್ ಒಳಗನ್ನು ನೋಡಲು ಸಾಮಾನ್ಯವಾಗಿ ವಾರಂಟ್ ಬೇಕೆಂದು 2014ರಲ್ಲೇ ಹೇಳಲಾಗಿದೆ.

ಪೊಲೀಸರ ಮುಂದೆ ಆಡುವ ಮಾತಿನ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಭಾರತದಲ್ಲಿ ಪೊಲೀಸ್ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ; 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮಿನಲ್ಲಿದ್ದ ಆ ನಿಯಮ ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಇಲ್ಲಿ ಹಾಗಿಲ್ಲ. 1966ರ ಮಿರಾಂಡಾ ತೀರ್ಪಿನ ಎಚ್ಚರಿಕೆಯನ್ನು, ಎಂದರೆ ಸುಮ್ಮನಿರುವ ಮತ್ತು ವಕೀಲರನ್ನು ಪಡೆಯುವ ಹಕ್ಕು ನಿಮಗಿದೆ ಎಂಬುದನ್ನು, ಓದಿ ಹೇಳಬೇಕಾದದ್ದು ವಶಕ್ಕೆ ತೆಗೆದುಕೊಂಡು ಪ್ರಶ್ನಿಸುವಾಗ ಮಾತ್ರ. ಮಿಶಿಗನ್‌ನ ಆರೋಪಿಯೊಬ್ಬ ಸುಮಾರು ಮೂರು ಗಂಟೆ ಬಹುಪಾಲು ಸುಮ್ಮನಿದ್ದು ಕೊನೆಗೆ ಒಂದು ಪ್ರಶ್ನೆಗೆ ಹೌದು ಎಂದಾಗ, ಮೌನದ ಹಕ್ಕು ಬೇಕೆಂದು ಅವನು ಬಾಯಿಬಿಟ್ಟು ಹೇಳಿರಲಿಲ್ಲವಾದ್ದರಿಂದ ಆ ಉತ್ತರ ಸಾಕ್ಷ್ಯವಾಗುತ್ತದೆ ಎಂದು 2010ರಲ್ಲಿ ತೀರ್ಮಾನವಾಯಿತು. ಮೌನಂ ಸಮ್ಮತಿ ಲಕ್ಷಣಂ ಎನ್ನುವ ನಾವು ಇದನ್ನು ಚೆನ್ನಾಗಿ ಗ್ರಹಿಸಬೇಕು: ವಕೀಲರು ಬರುವ ತನಕ ಮಾತಾಡುವುದಿಲ್ಲ ಎಂಬ ವಾಕ್ಯವನ್ನು ಆಡಿದ ಮೇಲೆಯೇ ಮೌನಕ್ಕೆ ಬಲ ಬರುತ್ತದೆ. ವಿಚಾರಣೆಯಲ್ಲಿ ಪೊಲೀಸರು ಸುಳ್ಳು ಹೇಳಿ ಬಾಯಿಬಿಡಿಸಲು ಕಾನೂನು ಬಹುಮಟ್ಟಿಗೆ ಅವಕಾಶ ಕೊಡುತ್ತದೆ. ಅಪ್ರಾಪ್ತರ ಮಟ್ಟಿಗಾದರೂ ಇದನ್ನು ತಡೆಯಲು 2021ರಲ್ಲಿ ಇಲಿನಾಯ್ ರಾಜ್ಯ ಕಾಯಿದೆ ತಂದಿತು. ಉಳಿದ ರಾಜ್ಯಗಳೂ ತರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ನೀವು ಮಾತ್ರ ಅವರಿಗೆ ಸುಳ್ಳು ಹೇಳಬೇಡಿ.

ಮುಂದೆಂದಾದರೂ ನಿಮ್ಮ ಮೇಲೆ ಅಪರಾಧದ ಆರೋಪವೇ ಬಂದರೆ, ‘ಸಣ್ಣ ತಪ್ಪು, ಒಪ್ಪಿಕೊಂಡು ಮುಗಿಸಿ’ ಎಂಬ ಮಾತಿಗೆ ಕೂಡಲೇ ತಲೆಯಾಡಿಸಬೇಡಿ. ಇಲ್ಲಿ ಶಿಕ್ಷೆಯಾಗುವ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ವಿಚಾರಣೆಯಿಲ್ಲದೆ ಇಂಥ ಒಪ್ಪಂದದಲ್ಲೇ ಮುಗಿಯುತ್ತವೆ. ನಲವತ್ತು ವರ್ಷ ಇಲ್ಲಿ ಕಾಯಂ ನಿವಾಸಿಯಾಗಿ, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಒಬ್ಬರು ವಕೀಲನ ತಪ್ಪು ಸಲಹೆ ನಂಬಿ ತಪ್ಪೊಪ್ಪಿಕೊಂಡು ಗಡೀಪಾರಿನ ಅಂಚಿಗೆ ಬಂದಿದ್ದರು. ಆ ಪ್ರಕರಣದಿಂದಾಗಿಯೇ 2010ರಿಂದ, ತಪ್ಪೊಪ್ಪಿಗೆ ವಲಸೆಯ ಮೇಲೆ ಬೀರುವ ಪರಿಣಾಮವನ್ನು ವಿದೇಶೀಯ ಕಕ್ಷಿದಾರರಿಗೆ ತಿಳಿಸುವುದು ವಕೀಲರ ಕರ್ತವ್ಯವಾಗಿದೆ. ಆದರೂ ವಲಸೆ ಕಾನೂನು ಬಲ್ಲವರನ್ನು ನೀವೇ ಬೇರೆಯಾಗಿ ಕೇಳಿ.

ನಿಮ್ಮ ಕೈಯಲ್ಲಿರುವ ವೇಗದ ಚೀಟಿ ಅಂಥ ದೊಡ್ಡ ವಿಷಯವಲ್ಲ. ಅದರ ಮೇಲೆ ಬರೆದಿರುವ ಕೊನೆಯ ದಿನಾಂಕವನ್ನು ನೋಡಿ ಅದರೊಳಗೆ ದಂಡ ಕಟ್ಟಿ, ರಸೀದಿಯನ್ನು ವೀಸಾ ಕಾಗದಗಳ ಜೊತೆಗೇ ಇಡಿ.